ಡೆಫಿನಿಷನ್ ಮುಗಿಯುವಷ್ಟರಲ್ಲಿ ನಾಯಿ ಹೋಗಿತ್ತು

ಈ ಬೇಸಿಗೆಯ ಕೊನೆಯ ಒಂದು ಶನಿವಾರ ನಾನು ನಮ್ಮ ಅಡುಗೆಮನೆಯ ನೆಲದ ಮೇಲೆ ಸತ್ತೆ.

ಗಾಬರಿ ಬೇಡ. ಆಗ ನಾನು ಕಾರಿಗೆ ಸಿಕ್ಕ ಲ್ಯಾಬ್ರಡಾರ್ ನಾಯಿಯಾಗಿದ್ದೆ. ವಯಸ್ಸು ಐದು, ತೂಕ ಮೂವತ್ತು ಕೆಜಿ (ಉಳಿದ ಕೆಜಿಗಳ ಬಗ್ಗೆ ದಯವಿಟ್ಟು ಯಾರೂ ಕೇಳಬೇಡಿ). ನನ್ನ ಸಾವಿಗೆ ಕಾರಣ ಕಾರಲ್ಲ. ಪಕ್ಕದಲ್ಲಿ ಮಂಡಿಯೂರಿ ಕುಳಿತು ಪಾಠ ಒಪ್ಪಿಸುತ್ತಿದ್ದ ನನ್ನ ಗಂಡ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆಯವರು, ಹೆಸರು ಮಂಜುನಾಥ್, ಸ್ಟಾಕ್‌ಹೋಮ್‌ನ ಒಂದು ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್. ಹೌದು, ಇಲ್ಲಿ ನಾಯಿ ಬೆಕ್ಕುಗಳಿಗೂ ಓದಿ ಪಾಸಾದ ನರ್ಸ್‌ಗಳಿರುತ್ತಾರೆ. ಅರಸೀಕೆರೆ ಕಡೆ ವೆಟರ್ನರಿ ಇನ್‌ಸ್ಪೆಕ್ಟರ್ ಆಗಿ ಎಮ್ಮೆಗಳ ಹಿಂದೆ ಓಡಾಡಿಕೊಂಡಿದ್ದವರು, ಇಲ್ಲಿನ ಐಟಿ ಬಡಾವಣೆ ಕಿಸ್ಟಾದಲ್ಲಿ ನನಗೆ ಕೆಲಸ ಸಿಕ್ಕಾಗ ಜೊತೆಗೆ ಹೊರಟು ಬಂದರು. ಸ್ವೀಡಿಷ್ ಕಲಿತರು. ಗೊತ್ತಿದ್ದದ್ದನ್ನೇ ಇನ್ನೊಂದು ಸಲ, ಇನ್ನೊಂದು ಭಾಷೆಯಲ್ಲಿ ಓದಿದರು. ಕೆಲಸವೂ ಸಿಕ್ಕಿತು. ಪೂಡಲ್ ನಾಯಿಗಳ ಉಗುರು ಕತ್ತರಿಸುವುದು, ಬೆಕ್ಕುಗಳ ಹಲ್ಲು ಕ್ಲೀನ್ ಮಾಡಲು ಡಾಕ್ಟರಿಗೆ ನೆರವಾಗುವುದು. ಆದರೆ ಇವರ ಮನಸ್ಸಿದ್ದದ್ದು ಕಾರಿಡಾರಿನ ಕೊನೆಯ ಬಾಗಿಲಿನಾಚೆ, ಎಮರ್ಜೆನ್ಸಿ ವಿಭಾಗದಲ್ಲಿ.

ಅಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಅದು ಸಿಗಬೇಕಾದರೆ ತುರ್ತು ಚಿಕಿತ್ಸೆಯ ಸ್ಪೆಷಲ್ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ಇವರು ಒಮ್ಮೆ ಕೂತಿದ್ದರು. ಬರೆಯುವ ಭಾಗದಲ್ಲಿ ಒಳ್ಳೆಯ ಪಾಸು. ಪ್ರಾಕ್ಟಿಕಲ್‌ನಲ್ಲಿ ಫೇಲು. ಈ ಸಲವೂ ಹೋದರೆ ಜಾಗ ಬೇರೆಯವರ ಪಾಲು, ಇವರ ಪಾಲಿಗೆ ಪೂಡಲ್ ಉಗುರು.

ಹೈಸ್ಕೂಲಿನಿಂದ ಫಸ್ಟ್ ಬರುತ್ತಲೇ ಇದ್ದ ಗಂಡಸರಿಗೆ ಫೇಲಾಗಲು ಬರುವುದಿಲ್ಲ. ಇವರು ಆ ಪದವನ್ನೇ ಆಡುತ್ತಿರಲಿಲ್ಲ. ‘ಆವತ್ತು ಸ್ವಲ್ಪ ಹೆಚ್ಚುಕಮ್ಮಿ ಆಯ್ತಲ್ಲ’ ಎನ್ನುತ್ತಿದ್ದರು, ಸಾರಿಗೆ ಉಪ್ಪು ಜಾಸ್ತಿಯಾದ ಹಾಗೆ. ಆದರೆ ಅಡುಗೆಮನೆಯಲ್ಲಿ ಶಿಳ್ಳೆ ಹಾಕುತ್ತ ಚಪಾತಿ ಲಟ್ಟಿಸುತ್ತಿದ್ದವರ ಶಿಳ್ಳೆ ನಿಂತುಹೋಗಿತ್ತು. ಆ ಶಿಳ್ಳೆ ನನಗೆ ವಾಪಸ್ ಬೇಕಿತ್ತು.

ಹೀಗಾಗಿ ಮತ್ತೆ ಓದು ಶುರುವಾಯಿತು. ಹೇಗೆ? ನಮ್ಮೂರ ಸ್ಟೈಲಿನಲ್ಲಿ. ಬೆಳಗಿನ ಜಾವ ಎದ್ದು, ಮುಖಕ್ಕೆ ತಣ್ಣೀರು ಹಾಕಿಕೊಂಡು, ಹಾಲಿನಲ್ಲಿ ಅತ್ತಿಂದಿತ್ತ ನಡೆಯುತ್ತ ಗಟ್ಟಿಯಾಗಿ ಬಾಯಿಪಾಠ. ಮೊದಲು ಡೆಫಿನಿಷನ್. ಆಮೇಲೆ ವಿಧಗಳು, ಕಾರಣಗಳು, ಲಕ್ಷಣಗಳು. ಕಟ್ಟಕಡೆಗೆ ಚಿಕಿತ್ಸೆ. ಈ ಕ್ರಮ ನಿಮಗೂ ನೆನಪಿದೆ ಅಲ್ಲವೇ? ಹೆಡ್ಡಿಂಗ್‌ಗೆ ಸ್ಕೇಲ್ ಇಟ್ಟು ಎರಡು ಗೆರೆ, ಅಂದವಾದ ಚಿತ್ರ, ಭಾಗಗಳನ್ನು ಗುರುತಿಸುವುದು, ಮೇಲೆ ಅಡಿಷನಲ್ ಶೀಟ್. ಉತ್ತರ ಉದ್ದವಾದಷ್ಟೂ ಮೇಷ್ಟರ ಮನಸ್ಸು ಕರಗುತ್ತದೆಂದು ನಂಬಿ ಬೆಳೆದವರಲ್ಲವೇ ನಾವೆಲ್ಲ?

ಪ್ರಾಕ್ಟಿಕಲ್‌ಗೆ ತಯಾರಿ ಬೇಕಲ್ಲ, ಅದಕ್ಕೆ ನಾನು ನಾಯಿಯಾದೆ. ಎಂಟು ವರ್ಷದ ಮಗಳು ಅನ್ವಿ ನಾಯಿಯ ಯಜಮಾನಿ. ಆ ಶನಿವಾರ ಇವರ ಜೊತೆ ಕೆಲಸ ಮಾಡುವ ಹಿರಿಯ ನರ್ಸ್ ಲೇನಾ ಫೀಕಾಗೆ ಬಂದಿದ್ದರು. ಫೀಕಾ ಅಂದರೆ ಕಾಫಿ, ಜೊತೆಗೆ ತಿಂಡಿ, ಜೊತೆಗೆ ಆತುರವಿಲ್ಲದ ಮಾತು. ಎಮರ್ಜೆನ್ಸಿಯಲ್ಲೇ ಕೂದಲು ಬೆಳ್ಳಗಾದ ಹೆಂಗಸು. ನಮ್ಮ ಫಿಲ್ಟರ್ ಕಾಫಿ ಹಿಡಿದು, ಕೋಡುಬಳೆ ಮುರಿಯುತ್ತ ನೋಡುತ್ತ ಕೂತರು.

ಅನ್ವಿ ಸ್ವೀಡಿಷ್‌ನಲ್ಲಿ ಅಳುತ್ತ (ಚೆನ್ನಾಗಿಯೇ ಅತ್ತಳು) ನಾಯಿಗೆ ಕಾರು ಹೊಡೆದಿದೆ ಎಂದಳು. ನಾನು ನಾಲಗೆ ಹೊರಹಾಕಿ ಏದುಸಿರು ಬಿಟ್ಟೆ. ಇವರು ಪಕ್ಕದಲ್ಲಿ ಕುಳಿತು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಶುರು ಮಾಡಿದರು. ಶಾಕ್ ಎಂದರೆ ಏನು. ಶಾಕ್‌ನಲ್ಲಿ ಎಷ್ಟು ವಿಧ. ಮೊದಲನೆಯ ವಿಧಕ್ಕೆ ಕಾರಣಗಳು. ಸ್ವೀಡಿಷ್ ಒಂದು ಕಡೆಯೂ ತಡವರಿಸಲಿಲ್ಲ. ನನಗಂತೂ ಹೆಮ್ಮೆಯಾಯಿತು. ಎರಡನೆಯ ವಿಧಕ್ಕೆ ಬರುವಷ್ಟರಲ್ಲಿ ಏದುಸಿರು ಬಿಟ್ಟೂ ಬಿಟ್ಟೂ ನನಗೆ ನಿಜವಾಗಿಯೂ ತಲೆ ಸುತ್ತತೊಡಗಿ, ಸುಮ್ಮನೆ ಕಣ್ಣುಮುಚ್ಚಿ ಮಲಗಿದೆ.

ಮುಗಿಯಿತು. ಇವರು ಲೇನಾ ಕಡೆ ತಿರುಗಿದರು. ರಿಸಲ್ಟ್ ದಿನ ನೋಟಿಸ್ ಬೋರ್ಡ್ ಮುಂದೆ ನಿಂತ ಹುಡುಗನ ಮುಖ.

ಲೇನಾ ಕೋಡುಬಳೆ ನುಂಗಿ, ಕೈ ಒರೆಸಿಕೊಂಡು, ತಮ್ಮ ಮೆತ್ತಗಿನ ಸ್ವೀಡಿಷ್‌ನಲ್ಲಿ ಹೇಳಿದರು: “ತುಂಬಾ ಚೆನ್ನಾಗಿತ್ತು ಮಂಜು. ಎಲ್ಲಾ ಸರಿಯಾಗಿ ಹೇಳಿದ್ರಿ. ಆದ್ರೆ ನಾಯಿ ಸತ್ತುಹೋಗಿದೆ.”

ಅನ್ವಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, “ಹುಂಡೆನ್ ಎರ್ ದ್ಯೋಡ್” ಎಂದು ಖಚಿತಪಡಿಸಿದಳು. ನಾಯಿ ಸತ್ತಿದೆ, ಅಂತ.

ನಾನು ನಕ್ಕೆ. ಇವರು ನಗಲಿಲ್ಲ.

“ಗೊತ್ತಿದೆಯಲ್ಲ ನನಗೆ, ಎಲ್ಲಾ ಗೊತ್ತಿದೆ” ಎಂದರು, ಮೆಲ್ಲಗೆ, ಕನ್ನಡದಲ್ಲಿ. ಗೊತ್ತಿಲ್ಲದೆ ಫೇಲಾದರೆ ಓದಬಹುದು. ಗೊತ್ತಿದ್ದೂ ಫೇಲಾದವರು ಏನು ಮಾಡಬೇಕು?

ನಾನು ಇವರ ಮಾತನ್ನು ಲೇನಾಗೆ ತಿಳಿಸಿದೆ. ಅವರು ಇವರ ಬೆನ್ನ ಹಿಂದೆ ಹೋಗಿ, ಕಟ್ಟಿಕೊಂಡಿದ್ದ ಎರಡೂ ಕೈಗಳನ್ನು ಬಿಡಿಸಿ, ಒಂದನ್ನು ನನ್ನ ಎದೆಯ ಮೇಲೂ ಇನ್ನೊಂದನ್ನು ನನ್ನ ತುಟಿಯ ಬಳಿಯೂ ಇಟ್ಟರು. ಉಸಿರಾಡುತ್ತಿದೆಯೇ ನೋಡಿ. ವಸಡು ಬಿಳಿಚಿದೆಯೇ ನೋಡಿ. ಆಕ್ಸಿಜನ್ ಕೊಡಿ. ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿಯಿರಿ. “ಮೊದಲು ಕೈ. ಬಾಯಿ ಆಮೇಲೆ” ಎಂದರು. ಇಷ್ಟೇ. ಇನ್ನೊಂದು ಕೋಡುಬಳೆ ತೆಗೆದುಕೊಂಡು ಕೂತರು.

ಪರೀಕ್ಷೆಯಲ್ಲಿ ಕೈಕಟ್ಟಿ ಉತ್ತರ ಹೇಳುವುದನ್ನು ನಮಗೆ ಯಾರು ಕಲಿಸಿದರು? ಎದ್ದು ನಿಲ್ಲು, ಕೈ ಕಟ್ಟು, ಹೇಳು. ಅರಸೀಕೆರೆಯ ಶಾಲೆಯಲ್ಲಿ ಕಟ್ಟಿದ ಕೈ ಸ್ಟಾಕ್‌ಹೋಮ್‌ನಲ್ಲೂ ಬಿಚ್ಚಿರಲಿಲ್ಲ.

ಅಂದಿನಿಂದ ಓದಿನ ದಾರಿ ಬದಲಾಯಿತು. ಪುಸ್ತಕ ಕಪಾಟು ಸೇರಲಿಲ್ಲ, ಆದರೆ ಅದಕ್ಕೆ ಬೆಳಗಿನ ಒಂದು ಪಾಳಿ ಮಾತ್ರ. ಉಳಿದಂತೆ ನಾನೂ ಅನ್ವಿಯೂ ಯಾವ ಹೊತ್ತಿನಲ್ಲಿ ಬೇಕಾದರೂ ಕೇಸ್ ತರಬಹುದು, ಇವರು ಕೈಯಿಂದಲೇ ಉತ್ತರ ಕೊಡಬೇಕು. ಅಪಾರ್ಟ್‌ಮೆಂಟಿನ ಕೆಳಗಿನ ಲಾಂಡ್ರಿ ರೂಮಿನಲ್ಲಿ ಒದ್ದೆ ಬೆಡ್‌ಶೀಟ್ ನಾಯಿಯಾಯಿತು. ಸೋರೆಕಾಯಿಯ ಮುಂಗಾಲಿಗೆ (ಇತ್ತು ಅಂದುಕೊಳ್ಳಿ) ಬ್ಯಾಂಡೇಜ್ ಬಿತ್ತು. ಇವರು ಚಪಾತಿ ಹಿಟ್ಟು ಕಲಸುತ್ತಿದ್ದರೆ ಅನ್ವಿ ಬಂದು, “ಪಾಪಾ, ನಾಯಿ ಹೊಟ್ಟೆ ಉಬ್ಬಿದೆ, ವಾಂತಿ ಬರ್ತಿಲ್ಲ” ಎನ್ನುವಳು. ಹಿಟ್ಟಿನ ಕೈಯಲ್ಲೇ ಇವರು ಹಾರುವರು.

ಒಂದು ಭಾನುವಾರ ಮೂವರೂ ಮೆಟ್ರೋದ ಬ್ಲೂ ಲೈನಿನಲ್ಲಿ ಹೊರಟಿದ್ದೆವು. ಕಿಸ್ಟಾ ಬಿಟ್ಟ ಮೇಲೆ ಮುಂದಿನ ಸ್ಟೇಷನ್‌ಗೆ ಸ್ವಲ್ಪ ದೂರ. ನಾನು ಕೇಸ್ ಕೊಟ್ಟೆ. “ಬೆಕ್ಕು. ಬಾಯಿ ತೆಗೆದು ಉಸಿರಾಡ್ತಿದೆ. ಮೊದ್ಲು ಏನ್ ಮಾಡ್ತೀರಿ?”

“ವಯಸ್ಸೆಷ್ಟು ಅದಕ್ಕೆ? ಗಂಡಾ ಹೆಣ್ಣಾ? ಎಷ್ಟ್ ದಿನದಿಂದ...”

ಅಷ್ಟರಲ್ಲಿ ಮುಂದಿನ ಸ್ಟೇಷನ್ ಬಂದು ಬಾಗಿಲು ತೆರೆಯಿತು. ಅನ್ವಿ ನಿಟ್ಟುಸಿರಿಟ್ಟು, ಇಡೀ ಬೋಗಿಗೆ ಕೇಳುವಂತೆ, ಬೆಕ್ಕೂ ಸತ್ತಿತು ಎಂದು ಸ್ವೀಡಿಷ್‌ನಲ್ಲಿ ಘೋಷಿಸಿದಳು.

ಇಲ್ಲಿನ ಮೆಟ್ರೋದಲ್ಲಿ ಅಪರಿಚಿತರು ಮಾತಾಡುವುದಿಲ್ಲ. ಕಣ್ಣಿಗೆ ಕಣ್ಣು ಸಿಕ್ಕರೆ ಇಬ್ಬರೂ ಕ್ಷಮೆ ಕೇಳುವ ಜನ. ಆದರೆ ಎದುರು ಸೀಟಿನ ಅಜ್ಜಿ ತಮ್ಮ ಡ್ಯಾಕ್ಸ್‌ಹುಂಡ್ ನಾಯಿಯನ್ನು ತೊಡೆಗೆ ಹತ್ತಿರ ಎಳೆದುಕೊಂಡು, “ಎಷ್ಟು ಬೆಕ್ಕು ಸತ್ತಿವೆ ನಿಮ್ಮನೇಲಿ?” ಎಂದು ಕೇಳಿಯೇಬಿಟ್ಟರು. ವಿವರಿಸಿದೆವು. ಅವರು ಇಳಿಯುವ ತನಕ ನಮ್ಮನ್ನು ನಂಬಲಿಲ್ಲ ಎಂದು ನನ್ನ ಅನುಮಾನ. ಅವತ್ತು ಸುಮಾರು ದಿನದ ಮೇಲೆ ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. (ಆ ಬೆಕ್ಕಿಗೆ ಸರಿಯಾದ ಉತ್ತರ: ಹಿಡಿದು ಎಳೆದಾಡಬೇಡಿ, ಆಕ್ಸಿಜನ್ ಕೊಟ್ಟು ಅದರ ಪಾಡಿಗೆ ಬಿಡಿ. ಪ್ರಶ್ನೆಗಳಿಗೆ ಆಮೇಲೆ ಟೈಮಿದೆ.)

ಈ ಕಾಯಿಲೆ ನನ್ನ ಗಂಡನಿಗೆ ಮಾತ್ರವೇ? ನಾನು ಸುತ್ತ ನೋಡತೊಡಗಿದೆ. ಆಫೀಸಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬನ ಪ್ರಾಜೆಕ್ಟ್ ದಿಢೀರನೆ ನಿಂತು, ಕೆಲಸವೇ ಹೋಗುವಂತಾಯಿತು. ಲಂಚ್‌ಗೆ ಬಿಳಿಚಿಕೊಂಡು ಬಂದ. ನಾವೆಲ್ಲ ಸುತ್ತ ಸೇರಿ ಏನು ಕೇಳಿದೆವು? ನೋಟಿಸ್ ಯಾವಾಗ ಬಂತು? ವರ್ಕ್ ಪರ್ಮಿಟ್ ಯಾವಾಗಿನ ತನಕ ಇದೆ? ಮುಂಚೆನೇ ಗೊತ್ತಾಗ್ಲಿಲ್ವಾ? ಕಾರಣಗಳು, ವಿಧಗಳು, ಲಕ್ಷಣಗಳು. ಅವನ ಮುಂದಿದ್ದ ಡಬ್ಬಿಯ ಮುಚ್ಚಳ ತೆಗೆದು, ಮೊದಲು ಎರಡು ತುತ್ತು ತಿನ್ನಪ್ಪ ಎಂದವರು ಒಬ್ಬರೂ ಇಲ್ಲ. ನಾವು ಕೆಟ್ಟವರಲ್ಲ. ಬಹಳ ಚೆನ್ನಾಗಿ ಓದಿದವರು, ಅಷ್ಟೇ.

ಪರೀಕ್ಷೆಯ ದಿನ ಬಂತು. ನಾನೂ ಅನ್ವಿಯೂ ಕಟ್ಟಡದ ಹೊರಗೆ ಬೆಂಚಿನ ಮೇಲೆ, ಕೋಟಿನೊಳಗೆ ಕೈ ತೂರಿಸಿಕೊಂಡು ಕಾದೆವು. ಇವರು ಹೊರಬಂದರು. ಮುಖದಲ್ಲಿ ರಕ್ತವಿಲ್ಲ. ನನಗೆ ತಡೆಯಲಾಗಲಿಲ್ಲ.

“ಏನ್ ಕೇಸ್ ಕೊಟ್ರು? ಎಷ್ಟ್ ಜನ ಇದ್ರು ಎಕ್ಸಾಮಿನರ್ಸು? ಹೆಂಗಾಯ್ತು ರೀ? ಲೇನಾ ಹೇಳಿದ್ದು...”

“ಮಮ್ಮಾ, ವೇಟ್” ಎಂದಳು ಅನ್ವಿ. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿದಳು. ತುಟಿ ಎತ್ತಿ, ವಸಡನ್ನು ಬೆರಳಿನಿಂದ ಒತ್ತಿ, ಬಣ್ಣ ವಾಪಸ್ ಬರುತ್ತದೋ ಎಂದು ನೋಡಿದಳು. “ಪಿಂಕ್” ಎಂದಳು. ಆಮೇಲೆ ತನ್ನ ಬ್ಯಾಗಿನಿಂದ ಬಾಳೆಹಣ್ಣು ತೆಗೆದು ಸುಲಿದು ಕೈಗಿಟ್ಟಳು. ಇವರು ತಿಂದರು. ನಾನು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹಣ್ಣು ಮುಗಿದ ಮೇಲೆ ಇವರೇ ಹೇಳಿದರು. “ಟೇಬಲ್ ಮೇಲೆ ಬೊಂಬೆ ನಾಯಿ ಇಟ್ಟಿದ್ರು. ಕಾರ್ ಹೊಡ್ದಿದೆ ಅಂದ್ರು.”

“ನೀವೇನಂದ್ರಿ?”

“ಏನೂ ಅನ್ಲಿಲ್ಲ ಕಣೆ. ಉಸಿರು ನೋಡ್ದೆ, ಆಕ್ಸಿಜನ್ ಮಾಸ್ಕ್ ಎತ್ಕೊಂಡೆ. ಶಾಕ್ ಅಂದ್ರೇನು ಅಂತ ಕೇಳ್ತಾರೆ ಅಂತ ಕಾಯ್ತಾನೇ ಇದ್ದೆ. ಕೊನೇವರ್ಗೂ ಕೇಳ್ಲೇ ಇಲ್ಲ.” ದನಿಯಲ್ಲಿ ಒಂಚೂರು ಬೇಸರವಿತ್ತು. ಅಷ್ಟು ಚೆಂದದ ಡೆಫಿನಿಷನ್ ವೇಸ್ಟಾಯಿತಲ್ಲ.

ಈ ವಾರ ರಿಸಲ್ಟ್ ಬಂತು. ಪಾಸು. ಎಮರ್ಜೆನ್ಸಿಯ ಆ ಜಾಗ ಇವರದೇ. ಲೇನಾ ದಾಲ್ಚಿನ್ನಿ ಬನ್ನು ತಂದುಕೊಟ್ಟು, ಬದಲಿಗೆ ಕೋಡುಬಳೆ ಡಬ್ಬಿ ತುಂಬಿಸಿಕೊಂಡು ಹೋದರು. ನಾನು ಇದನ್ನು ಬರೆಯುತ್ತಿರುವಾಗ ಅಡುಗೆಮನೆಯಿಂದ ಶಿಳ್ಳೆ ಕೇಳುತ್ತಿದೆ, ಎಂದಿನಂತೆ ಶ್ರುತಿ ತಪ್ಪಿಯೇ. ಕೇಳುತ್ತಿದ್ದರೆ ಖುಷಿಯಾಗುತ್ತದೆ.

ಸುದ್ದಿ ತಿಳಿಸಲು ಅರಸೀಕೆರೆಗೆ ಫೋನ್ ಮಾಡಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, “ಎಷ್ಟಮ್ಮ ಮಾರ್ಕ್ಸು?” ಎಂದರು.

“ಇಲ್ಲಿ ಇದಕ್ಕೆ ಮಾರ್ಕ್ಸ್ ಕೊಡಲ್ಲ ಅತ್ತೆ. ಪಾಸು, ಇಲ್ಲಾಂದ್ರೆ ಫೇಲು.”

“ಬರೀ ಪಾಸಾ?” ಅತ್ತೆಯ ದನಿ ಇಳಿಯಿತು. “ನಮ್ ಮಂಜ ಯಾವತ್ತೂ ಬರೀ ಪಾಸಾದೋನಲ್ಲ.”

“ನಾಯಿ ಬದುಕ್ತು ಅತ್ತೆ” ಎಂದೆ. ಇದಕ್ಕಿಂತ ಹೆಚ್ಚಿನ ಮಾರ್ಕ್ಸ್ ಯಾವ ಮೇಷ್ಟರ ಹತ್ತಿರ ಇದೆ, ನೀವೇ ಹೇಳಿ?