ಕುಂಕುಮ ಹಚ್ಚಿದ ಹಾರ್ಡ್ ಡಿಸ್ಕ್

ಆಯುಧಪೂಜೆಗೆಂದು ಬೀರು ಒರೆಸುವಾಗ ಅಣ್ಣನ ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿತು. ಕೇಬಲ್ ಚುಚ್ಚುವ ತೂತಿನಲ್ಲಿ ಇನ್ನೂ ಕುಂಕುಮವಿದೆ.

ಆಗ ನಾವು ಚಾಮರಾಜಪೇಟೆಯಲ್ಲಿದ್ದೆವು. ವಿಡಿಯೋ ಗೇಮ್ ಕೆಟ್ಟಿತ್ತು. ರಿಪೇರಿ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದರು. ನಾವಿಬ್ಬರೂ ವರ್ಷಗಟ್ಟಲೆ ಆಡಿ ಗೆದ್ದದ್ದನ್ನೆಲ್ಲ ಅಣ್ಣ ಕಂಪ್ಯೂಟರಿನಲ್ಲಿ ಬ್ಯಾಕಪ್ ಇಟ್ಟಿದ್ದ. ಅಲ್ಲೂ ಜಾಗ ಸಾಲದೆ, ಹಬ್ಬದ ಬೆಳಿಗ್ಗೆ ಎಲ್ಲವನ್ನೂ ಈ ಡಿಸ್ಕಿಗೆ ಸಾಗಿಸಲು ಹಾಕಿದ. ಕಾಪಿ ಅಲ್ಲ, ಕಟ್: ಸಾಗಿದ್ದು ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಸೈಕಲ್ ತೊಳೆಯೋಣವೆಂದು ಇಬ್ಬರೂ ಹಿತ್ತಲಿಗೆ ಹೋದೆವು.

ತಿರುಗಿ ಬಂದರೆ ಡಿಸ್ಕ್ ದೇವರ ಮುಂದೆ, ತಾತನ ಇಕ್ಕಳ ಮತ್ತು ಅಮ್ಮನ ಕತ್ತರಿಯ ನಡುವೆ, ಸೇವಂತಿಗೆ ಹೊತ್ತು ಕುಳಿತಿತ್ತು. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡು ಅಚ್ಚು ಹಾಕಿ ಬದುಕಿದ ತಾತನಿಗೆ, ಆ ದಿನ ಯಂತ್ರ ಓಡುವುದೆಂದರೆ ಮಹಾಪಾಪ.

"ಲೈಟು ಮಿಣಮಿಣ ಅಂತಿತ್ತು, ಪಾಪ. ವೈರು ಕಿತ್ತು ತಂದಿಟ್ಟೆ. ನಾಳೆ ಪೂಜೆ ಆಗೋವರೆಗೂ ಮುಟ್ಬೇಡ್ರಪ್ಪ, ಅದೂ ರೆಸ್ಟ್ ತಗೊಳ್ಲಿ," ಎಂದರು.

ಇಡೀ ದಿನ ಇಬ್ಬರೂ ಆ ಹೂವನ್ನೇ ನೋಡುತ್ತಾ ಕುಳಿತೆವು.

ಮಾರನೆಯ ದಿನ ಚುಚ್ಚಿದರೆ, ಡಿಸ್ಕ್ ಓದಲಾಗುತ್ತಿಲ್ಲ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ತಾತ ಬಾಗಿಲಿಗೆ ಬಂದು ನಿಂತರು.

"ಹೆಂಗಿದ್ಯೋ? ಚೆನ್ನಾಗಿ ಓಡ್ತಿದ್ಯಾ?"

ಅಣ್ಣ ಪರದೆಗೆ ಅಡ್ಡ ನಿಂತ. "ಹೂಂ ತಾತ. ಮೊದ್ಲಿಗಿಂತ ಚೆನ್ನಾಗ್ ಓಡ್ತಿದೆ."

ಇವತ್ತು ನಾನು ಚುಚ್ಚಿ ನೋಡಿದೆ. ಅದೇ ಪ್ರಶ್ನೆ. ಬೇಡ ಎಂದು ಒತ್ತಿ, ತಾತನ ಫೋಟೋ ಮುಂದೆ ಇಟ್ಟೆ. ರೆಸ್ಟ್ ತಗೊಳ್ಳಲಿ.