ನಳಿಕೆ ಹಾಕಲು ಕಲಿಸಿದ ಗುರು

ಗೆಳೆಯರೇ, ಆಸ್ಪತ್ರೆಯಿಂದ ಈಗ ತಾನೇ ಬಂದೆವು. ತಮ್ಮ ಆರಾಮಾಗಿದ್ದಾನೆ, ನೀವ್ಯಾರೂ ಗಾಬರಿಯಾಗಬೇಡಿ. ಗಾಬರಿ ನನ್ನೊಬ್ಬನಿಗೇ ಸಾಕು.

ಅಪಘಾತವಾದಾಗಿನಿಂದ ಅವನಿಗೆ ನುಂಗಲು ಬರುವುದಿಲ್ಲ. ಮೂಗಿಗೆ ಹಾಕಿದ ನಳಿಕೆಯಿಂದಲೇ ಊಟ. ಇವತ್ತು ಉದ್ಯಮಬಾಗದ ಕಾರ್ಖಾನೆಯಿಂದ ಕೆಲಸ ಮುಗಿಸಿ ಬಂದರೆ, ಅವನ ಸ್ನಾನ, ಬಟ್ಟೆ ನೋಡಿಕೊಳ್ಳಲು ಏಜೆನ್ಸಿಯವರು ಕಳಿಸಿದ ನಂದಗಡದ ಶಾಂತವ್ವ ನಗುತ್ತ ಹೇಳಿದಳು: “ನಳಿಗಿ ಕಿತ್ತು ಬಂದಿತ್ರಿ ಸರ. ನಾನೇ ಹಾಕೇನಿ.”

ಅದು ನರ್ಸ್ ಮಾಡುವ ಕೆಲಸ. ನಳಿಕೆ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ.

“ಯಾರು ಕಲಿಸಿದ್ರವ್ವಾ ನಿನಗ?”

“ನೀವೇ ಅಲ್ಲೇನ್ರಿ!” ಎಂದು ಮೊಬೈಲ್ ತೆರೆದಳು.

ಹೋದ ವರ್ಷ ಖಾನಾಪುರಕ್ಕೆ ಮದುವೆಗೆ ಹೋಗಬೇಕಿತ್ತು. ಆಗ ಎರಡು ದಿನ ನನ್ನ ಬದಲಿಗೆ ಬರುವವಳಿಗೆ ತಿಳಿಯಲೆಂದು, ನಾನು ನಳಿಕೆ ಹಾಕುವ ವಿಡಿಯೋ ಮಾಡಿಸಿ ಏಜೆನ್ಸಿಗೆ ಕಳಿಸಿದ್ದೆ.

“ಆಫೀಸಿನ್ಯಾಗ ಹೊಸಬರಿಗೆಲ್ಲಾ ಇದನ್ನೇ ತೋರಸ್ತಾರ್ರಿ. ಖಾನಾಪುರ ಕಡೆ ಮೂರು ಮನ್ಯಾಗ ನಮ್ಮವರು ಇದನ್ನ ನೋಡೇ ಹಾಕ್ತಾರ.”

ನಾನು ಲೇತ್ ಮಷಿನ್ ನಡೆಸುವವನು. ಆಸ್ಪತ್ರೆಯಲ್ಲಿ ಒಮ್ಮೆ ಪಕ್ಕಕ್ಕೆ ನಿಂತು ನೋಡಿದ್ದಷ್ಟೇ ನನ್ನ ವಿದ್ಯೆ. ನನಗೂ ಯಾರೂ ಲೈಸೆನ್ಸ್ ಕೇಳಿರಲಿಲ್ಲ.

“ಕೈಯಾದ್ರೂ ತೊಳಕೊಂಡಿದ್ದೇನು?” ಎಂದೆ.

“ವಿಡಿಯೋದಾಗ ನೀವು ತೊಳಕೊಂಡಿಲ್ಲಲ್ರಿ ಸರ?”

ವಿಡಿಯೋ ಮತ್ತೊಮ್ಮೆ ಹಾಕಿ ನೋಡಿದೆ. ಖರೇ. ಗುರುಗಳ ಉಗುರಿನ ತುಂಬಾ ಗ್ರೀಸ್.