ಹತ್ತು ಲಕ್ಷದ ಒಂದು

ನಮ್ಮ ಗಣಿತದ ಟೀಚರ ಬಲಗೈ ತೋರುಬೆರಳು ನೆಟ್ಟಗಿರಲಿಲ್ಲ. ಎಂದೋ ಮುರಿದು ಸೊಟ್ಟಗೇ ಕೂಡಿಕೊಂಡಿತ್ತು. ಅವರು ನನ್ನತ್ತ ಬೊಟ್ಟು ಮಾಡಿದರೆ ಪಕ್ಕದವಳು ಎದ್ದು ನಿಲ್ಲುತ್ತಿದ್ದಳು. "ನೀನಲ್ಲವ್ವಾ, ಕೂಡು. ನನ್ನ ಬೆರಳು ನೋಡಬ್ಯಾಡ, ಕಣ್ಣು ನೋಡು" ಎನ್ನುತ್ತಿದ್ದರು. ದಾವಣಗೆರೆಯ ಸರಸ್ವತಿ ನಗರದಿಂದ ಹರಿಹರದ ನಮ್ಮ ಶಾಲೆಗೆ ಬಸ್ಸಿನಲ್ಲಿ ಬರುತ್ತಿದ್ದರು. ದಾರಿಯಲ್ಲಿ ಕಂಡ ಲಾರಿಗಳ ನಂಬರನ್ನೆಲ್ಲ ಮನಸ್ಸಿನಲ್ಲೇ ಭಾಗಿಸುವ ಚಟ. ಯಾವುದಕ್ಕೂ ಬಗ್ಗದ ನಂಬರು ಸಿಕ್ಕ ದಿನ ತರಗತಿಗೆ ನಗುತ್ತಲೇ ಬರುತ್ತಿದ್ದರು.

ನಾನು ಭಾನುವಳ್ಳಿಯ ದೊಡ್ಡ ಮನೆತನದ ಹುಡುಗಿ. ಒಂದೇ ಅಡುಗೆಮನೆ, ದೊಡ್ಡಪ್ಪನದೇ ಮಾತು. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆಗೆ ಏನನ್ನುತ್ತಾರೆ ಎಂದು ಟೀಚರು ಕೇಳಿದಾಗ "ಅವಿಭಕ್ತ ಸಂಖ್ಯೆ" ಎಂದುಬಿಟ್ಟೆ. ಮನೆಯಲ್ಲಿ ದಿನಾ ಕಿವಿಗೆ ಬೀಳುತ್ತಿದ್ದದ್ದು 'ಅವಿಭಕ್ತ ಕುಟುಂಬ'. ತರಗತಿ ಗೊಳ್ಳೆಂದಿತು. ಟೀಚರು ನಗಲಿಲ್ಲ.

"ಅವಿಭಕ್ತ ಅಂದ್ರೆ ಇನ್ನೂ ಪಾಲಾಗಿಲ್ಲ ಅಂತ. ಅವಿಭಾಜ್ಯ ಅಂದ್ರೆ ಪಾಲು ಮಾಡಾಕೇ ಆಗಲ್ಲ ಅಂತ. ಎರಡೂ ಒಂದಲ್ಲ, ತಿಳೀತಾ?" ಎಂದು ಬೋರ್ಡಿನ ಮೇಲೆ 10,00,001 ಬರೆದರು. "ಇದು ಯಾವ ಜಾತೀದು, ನೋಡ್ಕಂಡು ಬಾ."

ಎರಡರಿಂದ ಹಿಡಿದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಹೋದೆ. ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಜಗ್ಗಲಿಲ್ಲ. ತೊಂಬತ್ತೇಳಕ್ಕೆ ಸಾಕುಸಾಕಾಗಿ, ಇದು ಅವಿಭಾಜ್ಯವೇ ಎಂದು ಮರುದಿನ ಸಾರಿಬಿಟ್ಟೆ.

"ಅದರ ಮುಂದಿಂದು ಯಾಕ ಬಿಟ್ಟಿ?"

ಮುಂದಿನದು ನೂರಾ ಒಂದು. ಅಲ್ಲೇ ನಿಂತು ಭಾಗಿಸಿದೆ. ಭಾಗಲಬ್ಧ 9901, ಶೇಷ ಸೊನ್ನೆ. ನನಗೆ ಅಳು, ಅವರಿಗೆ ಖುಷಿ. "ನೋಡಿದ್ಯಾ? ಗಟ್ಟಿ ಕಾಣ್ತಿತ್ತು, ಅಷ್ಟೇ."

ಪಿಯುಸಿಗೆ ಗಣಿತ ತಗೋ ಎಂದು ಅವರು ನನಗೆ ಹೇಳಿದ್ದು ಕೇಳಿ ದೊಡ್ಡಪ್ಪ ನನ್ನನ್ನೂ ಎಳೆದುಕೊಂಡು ಶಾಲೆಗೇ ಬಂದರು. "ಹೆಣ್ಣುಹುಡುಗಿಗೆ ಗಣಿತ ಯಾಕ್ರಿ? ಓದಿದ್ದು ಸಾಕು. ನಮ್ಮದು ಅವಿಭಕ್ತ ಕುಟುಂಬ, ಎಲ್ಲರದೂ ಒಂದೇ ಮಾತು."

ಟೀಚರು ಕುರ್ಚಿಯಿಂದ ಎದ್ದರು. "ಅವಿಭಕ್ತ, ಖರೇನೇ ಯಜಮಾನ್ರೆ. ಅವಿಭಾಜ್ಯ ಹೌದೋ ಅಲ್ಲೋ, ಈಕಿನ್ನ ಕೇಳ್ರಿ."

ದೊಡ್ಡಪ್ಪನ ಎದುರು ನಾನು ಅದುವರೆಗೆ ಬಾಯಿ ಬಿಟ್ಟವಳಲ್ಲ. "ನಾನು ಗಣಿತಾನೇ ಓದ್ತೀನಿ ದೊಡ್ಡಪ್ಪ. ನೀವು ಬ್ಯಾಡ ಅಂದ್ರೂ ಓದ್ತೀನಿ" ಎಂದೆ. ಅವರು ವರ್ಷಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಬಿಡಲಿ. ನಾನು ಓದಿದೆ. ಈಗ ದಾವಣಗೆರೆಯಲ್ಲಿ ಗಣಿತವನ್ನೇ ಕಲಿಸುತ್ತೇನೆ.

ಹೋದ ವರ್ಷ ಟೀಚರು ತೀರಿಕೊಂಡರು. ಮದುವೆಯಾಗದೆ ಉಳಿದವರು. ಶವ ಮಲಗಿಸಿದ್ದ ಜನಾಜಾ ಎತ್ತುವ ಮುನ್ನ ಅವರ ಮನೆಯ ಅಂಗಳದಲ್ಲಿ ಯಾರೋ ಹಿರಿಯರು, "ಪಾಪ, ಹಿಂದೆ ಮುಂದೆ ಯಾರೂ ಇಲ್ಲ" ಎಂದು ನಿಟ್ಟುಸಿರಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿನ ಮನೆ ಎನ್ನುವುದನ್ನೂ ಮರೆತು, ಹೆಂಗಸರ ನಡುವಿನಿಂದ ಎದ್ದು ನಿಂತೆ.

"ಹೆಂಗ್ರಿ ಇಲ್ಲ ಅಂತೀರಿ? ನಾನಿದ್ದೀನಿ."